ಬೀಗದ ಕೈ ಯಾರ ಸೊಂಟದಲ್ಲಿ?

ಈ ಅಂಕಣಕ್ಕೆ ಸಾಮಾನ್ಯವಾಗಿ ಬರುವುದು ಎಫ್‌ಡಿ, ಪಿಂಚಣಿ, ಚಿನ್ನದ ಸಾಲ, ನಾಮಿನಿ ಜಗಳದ ಪತ್ರಗಳು. ಈಚೆಗೆ ಮಾತ್ರ ಕ್ರಿಪ್ಟೊ, ಅಂದರೆ ಬಿಟ್‌ಕಾಯಿನ್‌ನಂಥ ಕಂಪ್ಯೂಟರ್ ದುಡ್ಡಿನ ಬಗ್ಗೆ ಕೇಳುವವರೇ ಹೆಚ್ಚು. ಬ್ಯಾಂಕೇ ಬೇಡ ಅಂತ ಹುಟ್ಟಿದ ದುಡ್ಡಿನ ಬಗ್ಗೆ ನೀವು ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬಳನ್ನು ಕೇಳುತ್ತಿದ್ದೀರಿ. ಪಕ್ಷಪಾತ ಇದ್ದೀತು, ಅದನ್ನು ಕಳೆದು ಓದಿಕೊಳ್ಳಿ. ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಕೇಳಿದವರ ಹೆಸರು ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇನೆ, ಕಾರಣ ಓದುತ್ತಾ ಹೋದರೆ ತಿಳಿಯುತ್ತದೆ.

ಪ್ರಶ್ನೆ: ನಮಗೆ ನಾಲ್ಕು ಎಕರೆ ಅಡಿಕೆ ತೋಟವಿದೆ. ಈ ಸಲ ರಾಶಿ ಇಡಿಗೆ ಒಳ್ಳೆ ದರ ಸಿಕ್ಕಿತು. ಎಫ್‌ಡಿ ಮಾಡೋಣ ಅಂದರೆ ಬೆಂಗಳೂರಿನಲ್ಲಿರುವ ಮಗ "ಎಫ್‌ಡಿಯಲ್ಲಿ ಏನು ಬರುತ್ತದೆ ಅಪ್ಪಯ್ಯ, ಬಿಟ್‌ಕಾಯಿನ್ ತಗೊಳ್ಳಿ" ಅನ್ನುತ್ತಾನೆ. ಅದೇನು, ನಮ್ಮಂಥವರಿಗೆ ಆಗುವಂಥದ್ದಾ?
— ಅಡಿಕೆ ಬೆಳೆಗಾರರು, ತೀರ್ಥಹಳ್ಳಿ

ಉತ್ತರ: ನಿಮ್ಮ ಮಗ ಸುಳ್ಳು ಹೇಳುತ್ತಿಲ್ಲ, ಅರ್ಧ ಹೇಳುತ್ತಿದ್ದಾರೆ.

2008ರ ಅಕ್ಟೋಬರ್ 31ರಂದು ಸತೋಶಿ ನಕಾಮೊಟೊ ಅನ್ನುವ ಹೆಸರಿನಲ್ಲಿ ಒಂಬತ್ತು ಪುಟದ ಒಂದು ಲೇಖನ ಇಂಟರ್‌ನೆಟ್ಟಿಗೆ ಬಂತು. ಆ ಹೆಸರಿನ ಹಿಂದೆ ಇರುವವರು ಯಾರು ಅನ್ನುವುದು ಇವತ್ತಿಗೂ ಖಚಿತವಾಗಿಲ್ಲ. ಅಮೆರಿಕದಲ್ಲಿ ಲೇಮನ್ ಬ್ರದರ್ಸ್ ಅನ್ನುವ ದೊಡ್ಡ ಬ್ಯಾಂಕು ಮುಳುಗಿ ಆಗಿನ್ನೂ ಎರಡು ತಿಂಗಳೂ ಆಗಿರಲಿಲ್ಲ, ಬ್ಯಾಂಕುಗಳ ಮೇಲೆ ಜನಕ್ಕೆ ಸಿಟ್ಟಿತ್ತು. ಲೇಖನದ ಸಾರ ಇಷ್ಟು: ನಾನು ನಿಮಗೆ ದುಡ್ಡು ಕಳಿಸಬೇಕಾದರೆ ನಡುವೆ ಬ್ಯಾಂಕು ಯಾಕೆ ಬೇಕು? ನನ್ನ ಖಾತೆಯಲ್ಲಿ ಕಳೆದು ನಿಮ್ಮ ಖಾತೆಯಲ್ಲಿ ಕೂಡುವವರು ಯಾರಾದರೂ ಬೇಕು, ಅದಕ್ಕೆ. ಆ ಲೆಡ್ಜರನ್ನು, ಅಂದರೆ ಲೆಕ್ಕದ ಪುಸ್ತಕವನ್ನು, ಒಬ್ಬರ ಕೈಯಲ್ಲಿ ಇಡದೆ ಸಾವಿರಾರು ಕಂಪ್ಯೂಟರುಗಳಲ್ಲಿ ಒಂದೇ ಥರ ಇಟ್ಟುಬಿಟ್ಟರೆ? 2009ರ ಜನವರಿ 3ರಂದು ಅದು ಶುರುವಾಯಿತು. ಸುಮಾರು ಹತ್ತು ನಿಮಿಷಕ್ಕೊಮ್ಮೆ ಲೆಡ್ಜರಿಗೆ ಒಂದು ಪುಟ ಸೇರುತ್ತದೆ. ಸೇರಿಸಿದವರಿಗೆ ಹೊಸ ಬಿಟ್‌ಕಾಯಿನ್ ಸಂಬಳ. ಆ ಸಂಬಳ ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ, 2024ರ ಏಪ್ರಿಲ್‌ನಿಂದ ಪುಟಕ್ಕೆ 3.125 ನಡೆಯುತ್ತಿದೆ. ಎಲ್ಲ ಸೇರಿ 2 ಕೋಟಿ 10 ಲಕ್ಷ ದಾಟುವುದಿಲ್ಲ, ಅದರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಈಗಾಗಲೇ ಬಂದಾಗಿದೆ. ಸರ್ಕಾರಗಳು ನೋಟು ಮುದ್ರಿಸಿದ ಹಾಗೆ ಇದನ್ನು ಮುದ್ರಿಸಲು ಬರುವುದಿಲ್ಲ. ನಿಮ್ಮ ಮಗನಿಗೆ ಹಿಡಿಸಿರುವುದು ಇದೇ, ಹಿಡಿಸುವಂಥದ್ದೂ ಹೌದು.

ಅವರು ಹೇಳದ ಅರ್ಧ ಇದು. 2021ರ ನವೆಂಬರ್‌ನಲ್ಲಿ ಒಂದು ಬಿಟ್‌ಕಾಯಿನ್ ಸುಮಾರು 69 ಸಾವಿರ ಡಾಲರ್. ಒಂದೇ ವರ್ಷದಲ್ಲಿ, 2022ರ ನವೆಂಬರ್‌ಗೆ, 16 ಸಾವಿರ. 2024ರ ಡಿಸೆಂಬರ್‌ನಲ್ಲಿ ಲಕ್ಷ ದಾಟಿತು. 2025ರ ಅಕ್ಟೋಬರ್‌ನಲ್ಲಿ 1 ಲಕ್ಷ 26 ಸಾವಿರದ ಮೇಲೆ ಹೋಗಿ, ಮರುತಿಂಗಳೇ 90 ಸಾವಿರದ ಕೆಳಗೆ ಬಂತು. ದರ ಏರಿಳಿಯುವುದು ಅಡಿಕೆಯವರಿಗೆ ನಾನು ಹೇಳಿಕೊಡಬೇಕಾದ್ದಲ್ಲ. ಗೋದಾಮಿನಲ್ಲಿ ಇಟ್ಟು ಕಾಯುವುದೂ ನಿಮಗೆ ಗೊತ್ತು. ಆದರೆ ಅಡಿಕೆ ಎಷ್ಟು ಬಿದ್ದರೂ ಆ ಕಡೆ ಜಗಿಯುವವನು ಒಬ್ಬ ಇರುತ್ತಾನೆ. ಇಲ್ಲಿ ಜಗಿಯುವವನು ಇಲ್ಲ. ಮಂಡಿಯವನು ಇನ್ನೊಬ್ಬ ಮಂಡಿಯವನಿಗೆ, ಅವನು ಮತ್ತೊಬ್ಬನಿಗೆ. ಮುಂದಿನವನು ಎಷ್ಟು ಕೊಡುತ್ತಾನೋ ಅಷ್ಟೇ ಅದರ ಬೆಲೆ.

ಆಳಿನ ಕೂಲಿ, ಬೋರ್ಡೋ ಸಿಂಪಡಣೆ, ಸೊಸೈಟಿ ಸಾಲದ ಕಂತು ಇವಕ್ಕೆ ಬೇಕಾದ ದುಡ್ಡನ್ನು ಇದರ ಹತ್ತಿರ ತರಬೇಡಿ. ಎಲೆಚುಕ್ಕಿ ರೋಗ ಬಂದ ವರ್ಷವೇ ಬಿಟ್‌ಕಾಯಿನ್ನೂ ಬಿದ್ದರೆ ತೋಟ ಮಾರುವ ಪರಿಸ್ಥಿತಿ ಬಂದೀತು. ಮಗನಿಗೆ ಆಸೆಯಿದ್ದರೆ ಅವರ ಸಂಬಳದಿಂದ ತಗೊಳ್ಳಲಿ. ಇಡೀ ಬಿಟ್‌ಕಾಯಿನ್ನೇ ಕೊಳ್ಳಬೇಕೆಂದಿಲ್ಲ, ನೂರು ರೂಪಾಯಿಗೂ ಒಂದು ಚೂರು ಸಿಗುತ್ತದೆ. ಪೂರ್ತಿ ಹೋದರೂ ಊಟ ಸೇರುವಷ್ಟು ಮೊತ್ತ ಇರಲಿ.

ಆಮೇಲೆ ಅವರನ್ನು ಒಂದೇ ಒಂದು ಮಾತು ಕೇಳಿ: "ಬೀಗದ ಕೈ ಯಾರ ಹತ್ತಿರ ಇದೆ?" ಬಿಟ್‌ಕಾಯಿನ್ನಿಗೆ ಒಂದು ರಹಸ್ಯ ಕೀಲಿ ಇರುತ್ತದೆ, ಉದ್ದನೆಯ ಸಂಖ್ಯೆ. ಅದು ಯಾರಲ್ಲಿದೆಯೋ ಅವರೇ ಯಜಮಾನರು. ನಡುವಿನವರನ್ನು ನಂಬುವ ಕೆಲಸವೇ ಬೇಡ ಅಂತ ಹುಟ್ಟಿದ ವಸ್ತು ಅದು. ನಮ್ಮವರು ಅದನ್ನು ಕೊಳ್ಳುವುದೆಲ್ಲ ನಡುವಿನವರ ಮೂಲಕ: ಆ್ಯಪು, ಎಕ್ಸ್‌ಚೇಂಜು (ಕ್ರಿಪ್ಟೊ ಕೊಡು-ಕೊಳ್ಳುವಿಕೆ ನಡೆಸುವ ಕಂಪನಿ), ಟೆಲಿಗ್ರಾಂ ಗುಂಪು, ಭಾವಮೈದುನ. ಕೀಲಿ ಅವರಲ್ಲೇ ಉಳಿಯುತ್ತದೆ. ಬ್ಯಾಂಕಿನಲ್ಲೂ ನಿಮ್ಮ ದುಡ್ಡು ನಮ್ಮಂಥ ಬ್ಯಾಂಕಿನವರ ಕೈಯಲ್ಲೇ ಇರುತ್ತಿತ್ತು, ಸರಿ, ಆದರೆ ನಮ್ಮ ತಲೆ ಮೇಲೆ ರಿಸರ್ವ್ ಬ್ಯಾಂಕು ಇತ್ತು, ಬ್ಯಾಂಕು ಮುಳುಗಿದರೆ ಠೇವಣಿದಾರರಿಗೆ 5 ಲಕ್ಷದವರೆಗೆ ವಿಮೆ ಇದೆ. ಆ್ಯಪಿಗೆ ಆ ವಿಮೆ ಇಲ್ಲ. ಈ ಸಲದ ಪತ್ರಗಳಲ್ಲಿ ದುಡ್ಡು ಕಳೆದುಕೊಂಡವರಲ್ಲಿ ಒಬ್ಬರದ್ದೂ ಬಿಟ್‌ಕಾಯಿನ್ ತಂತ್ರಜ್ಞಾನ ಕೆಟ್ಟು ಹೋದದ್ದಲ್ಲ. ದರ ಬಿದ್ದು ಕಳೆದುಕೊಂಡವರನ್ನು ಬಿಟ್ಟರೆ ಉಳಿದವರದ್ದು ನಡುವಿನವರಲ್ಲಿ ಹೋದದ್ದು.

ಪ್ರಶ್ನೆ: ಕ್ರಿಪ್ಟೊ ನಮ್ಮ ದೇಶದಲ್ಲಿ ಕಾನೂನುಬದ್ಧವೇ? ಒಬ್ಬರು ನಿಷೇಧವಾಗಿದೆ ಅನ್ನುತ್ತಾರೆ, ಇನ್ನೊಬ್ಬರು ತೆರಿಗೆ ಕಟ್ಟುತ್ತಿದ್ದೇನೆ ಅನ್ನುತ್ತಾರೆ.
— ಉಪನ್ಯಾಸಕರು, ಧಾರವಾಡ

ಉತ್ತರ: ಕೊಳ್ಳುವುದು ಅಪರಾಧವಲ್ಲ. ಅದು ಹಣ ಅಂತ ಯಾರೂ ಒಪ್ಪಿಯೂ ಇಲ್ಲ. ನಿಷೇಧವಿದೆ ಅನ್ನುವವರು 2018ರ ಏಪ್ರಿಲ್‌ನಲ್ಲಿ ನಿಂತುಬಿಟ್ಟಿದ್ದಾರೆ. ಆ ತಿಂಗಳು 6ರಂದು ರಿಸರ್ವ್ ಬ್ಯಾಂಕು ಎಲ್ಲ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿ ಕ್ರಿಪ್ಟೊ ವ್ಯವಹಾರದವರ ಖಾತೆ ನಡೆಸಬೇಡಿ ಅಂದಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಕೆಂಪ್‌ಫೋರ್ಟ್ ಮಾಲ್‌ನಲ್ಲಿ ಬಿಟ್‌ಕಾಯಿನ್ ಎಟಿಎಂ ಇಟ್ಟವರನ್ನು ಪೊಲೀಸರು ಬಂಧಿಸಿ ಯಂತ್ರವನ್ನೂ ಹೊತ್ತೊಯ್ದದ್ದು ನಿಮಗೆ ನೆನಪಿರಬಹುದು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟು ಆ ಸುತ್ತೋಲೆಯನ್ನು ರದ್ದು ಮಾಡಿತು. ಬ್ಯಾಂಕುಗಳಿಗೆ ಇಂಥ ಹಾನಿಯಾಗಿದೆ ಅಂತ ತೋರಿಸದೆ ಒಂದು ವ್ಯಾಪಾರದ ಕತ್ತು ಹಿಸುಕುವುದು ಮಿತಿಮೀರಿದ ಕ್ರಮ ಅನ್ನುವುದು ನ್ಯಾಯಾಲಯದ ತರ್ಕ.

2022ರ ಬಜೆಟ್ಟಿನಲ್ಲಿ ನಮ್ಮ ರಾಜ್ಯದಿಂದಲೇ ರಾಜ್ಯಸಭೆಗೆ ಹೋಗಿರುವ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಇದಕ್ಕೆ ಶೇ 30 ತೆರಿಗೆ ಹಾಕಿದರು. 2023ರ ಮಾರ್ಚ್‌ನಲ್ಲಿ ಎಕ್ಸ್‌ಚೇಂಜುಗಳನ್ನು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಕೆಳಗೆ ತಂದರು, ಹಾಗಾಗಿ ಅವರು ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಬೇಕು, ಗ್ರಾಹಕರ ಕೆವೈಸಿ ಪಡೆಯಬೇಕು. 2025ರ ಅಕ್ಟೋಬರ್‌ನಲ್ಲಿ ಮದ್ರಾಸ್ ಹೈಕೋರ್ಟು ಕ್ರಿಪ್ಟೊ ಒಂದು ಆಸ್ತಿ, ಅದನ್ನು ಇನ್ನೊಬ್ಬರ ಪರವಾಗಿ ನಂಬಿಕೆಯ ಮೇಲೆ ಇಟ್ಟುಕೊಳ್ಳಬಹುದಾದಂಥದ್ದು ಅಂತ ಹೇಳಿತು. ತೆರಿಗೆಗೆ ಕಾನೂನಿದೆ, ಆಸ್ತಿ ಅಂತ ತೀರ್ಪಿದೆ, ಹೂಡಿದವರನ್ನು ಕಾಯಲಿಕ್ಕೆ ಅಂತಲೇ ಮಾಡಿದ ಕಾಯ್ದೆ ಇಲ್ಲ. ನೋಂದಣಿ ಇದೆ ಅಂದ ಮಾತ್ರಕ್ಕೆ ಆ ಎಕ್ಸ್‌ಚೇಂಜಿಗೆ ಸರ್ಕಾರ ಜಾಮೀನು ನಿಂತಿದೆ ಅಂತ ನಿಮ್ಮ ವಿದ್ಯಾರ್ಥಿಗಳು ತಿಳಿಯದಿರಲಿ.

ಪ್ರಶ್ನೆ: ನಮ್ಮ ಯಜಮಾನರ ಗ್ರಾಚ್ಯುಟಿಯಲ್ಲಿ ಆರು ಲಕ್ಷವನ್ನು ಭಾವನವರ ಮಾತು ಕೇಳಿ ಒಂದು ಕ್ರಿಪ್ಟೊ ಸ್ಕೀಮಿಗೆ ಹಾಕಿದೆವು. ತಿಂಗಳಿಗೆ ಶೇ 10 ಅಂದಿದ್ದರು. ಮೊದಲ ಎರಡು ತಿಂಗಳು ಖಾತೆಗೆ ದುಡ್ಡು ಬಂತು. ಈಗ ಆ್ಯಪಿನಲ್ಲಿ 11,40,000 ತೋರಿಸುತ್ತಿದೆ. ತೆಗೆಯಲು ಹೋದರೆ ಮೊದಲು ಶೇ 18 ತೆರಿಗೆ ಕಟ್ಟಿ ಅನ್ನುತ್ತಾರೆ, 2,05,200 ರೂಪಾಯಿ. ಒಡವೆ ಅಡವಿಟ್ಟು ಕಟ್ಟಿಬಿಡಲಾ? ಭಾವನವರೂ ಕಟ್ಟು ಅನ್ನುತ್ತಿದ್ದಾರೆ.
— ಗೃಹಿಣಿ, ದಾವಣಗೆರೆ

ಉತ್ತರ: ಕಟ್ಟಬೇಡಿ ತಾಯಿ. ಒಡವೆ ಬೀರುವಿನಲ್ಲೇ ಇರಲಿ. ಈ ಪತ್ರಕ್ಕೆ ಅಂಚೆಯಲ್ಲೂ ಉತ್ತರ ಕಳಿಸಿದ್ದೇನೆ, ಪತ್ರಿಕೆ ಅಚ್ಚಾಗುವವರೆಗೆ ಕಾಯುವ ವಿಷಯವಲ್ಲ ಇದು.

ನೀವು ಲಗತ್ತಿಸಿದ ಫೋಟೊಗಳನ್ನು ಭೂತಗನ್ನಡಿ ಹಿಡಿದೇ ನೋಡಿದೆ. ಆ್ಯಪಿನ ಮೇಲ್ಗಡೆ ಬಿಟ್‌ಕಾಯಿನ್ ಚಿಹ್ನೆ, ಕೆಳಗೆ ಹಸಿರು ಗೆರೆ ಮೇಲಕ್ಕೆ ಹೋಗುತ್ತಿದೆ. 2025ರ ಅಕ್ಟೋಬರ್‌ನಿಂದ ನವೆಂಬರ್‌ಗೆ ನಿಜವಾದ ಬಿಟ್‌ಕಾಯಿನ್ ಬಿದ್ದ ವಾರಗಳಲ್ಲೂ ನಿಮ್ಮ ಗೆರೆ ಏರಿದೆ. ನೀವು ದುಡ್ಡು ಕಳಿಸಿದ ಯುಪಿಐ ರಸೀದಿ ನಾಲ್ಕಿವೆ, ನಾಲ್ಕರಲ್ಲೂ ಬೇರೆ ಬೇರೆ ಹೆಸರು: ಒಂದು ಟ್ರೇಡರ್ಸ್, ಒಂದು ಮೊಬೈಲ್ ಅಂಗಡಿ, ಎರಡು ಯಾರದೋ ಸ್ವಂತ ಖಾತೆ. ಕ್ರಿಪ್ಟೊ ಕಂಪನಿಯ ಹೆಸರು ಒಂದರಲ್ಲೂ ಇಲ್ಲ. ಅಲ್ಲಿ ಬಿಟ್‌ಕಾಯಿನ್ ಇಲ್ಲ ತಾಯಿ, ಬಿಟ್‌ಕಾಯಿನ್ನಿನ ಚಿತ್ರ ಇದೆ. ಮೊದಲ ಎರಡು ತಿಂಗಳು ನಿಮಗೆ ಬಂದದ್ದು ನಿಮ್ಮದೇ ದುಡ್ಡು, ಇಲ್ಲವೇ ನಿಮ್ಮ ನಂತರ ಸೇರಿದವರದ್ದು. ತೆರಿಗೆಯ ಮಾತೂ ಹಸಿ ಸುಳ್ಳು. ಕೊಡುವ ದುಡ್ಡಿನಲ್ಲೇ ಟಿಡಿಎಸ್ ಕಳೆದುಕೊಂಡು ಉಳಿದದ್ದನ್ನು ಕೊಡುವುದು ಪದ್ಧತಿ. ಮೊದಲು ನೀವು ಕಟ್ಟಿ ಆಮೇಲೆ ಪಡೆಯಿರಿ ಅನ್ನುವ ಆದಾಯ ತೆರಿಗೆ ಈ ದೇಶದಲ್ಲಿಲ್ಲ. ಎರಡು ಲಕ್ಷ ಕಟ್ಟಿದರೆ ಮರುದಿನ "ಖಾತೆ ಪರಿಶೀಲನೆ ಶುಲ್ಕ" ಅಂತ ಇನ್ನೊಂದು ಬರುತ್ತದೆ.

ಈ ಆಟ ಹೊಸದಲ್ಲ. ಗೇನ್‌ಬಿಟ್‌ಕಾಯಿನ್ ಅನ್ನುವವರು ಹದಿನೆಂಟು ತಿಂಗಳ ಕಾಲ ತಿಂಗಳಿಗೆ ಶೇ 10 ಕೊಡುತ್ತೇವೆ ಅಂತ ದೇಶದ ತುಂಬ ಹೂಡಿಕೆದಾರರನ್ನು ಸೇರಿಸಿದರು. ಸೇರಿಸಿದವರಿಗೆ ಕಮಿಷನ್, ಅವರ ಕೆಳಗೆ ಮತ್ತೊಂದು ಸಾಲು. ಕೊಡಲಾಗದೆ ಹೋದಾಗ ಬಿಟ್‌ಕಾಯಿನ್ ಬದಲು ತಮ್ಮದೇ ಒಂದು ನಾಣ್ಯ ಹುಟ್ಟಿಸಿ ಅದನ್ನು ಹಂಚಿದರು. ಆ ಕೇಸು ಈಗ ಸಿಬಿಐ ಕೈಯಲ್ಲಿದೆ. ಯುರೋಪಿನಲ್ಲಿ ಒನ್‌ಕಾಯಿನ್ ಅಂತ ಒಂದಿತ್ತು, ಅದಕ್ಕೆ ನಿಜವಾದ ಲೆಡ್ಜರೇ ಇರಲಿಲ್ಲ. ಅದನ್ನು ನಡೆಸುತ್ತಿದ್ದ ರುಜಾ ಇಗ್ನಾಟೋವಾ 2017ರ ಅಕ್ಟೋಬರ್‌ನಲ್ಲಿ ವಿಮಾನ ಹತ್ತಿ ಮಾಯವಾದವಳು ಮತ್ತೆ ಸಿಕ್ಕಿಲ್ಲ. ಬೆಂಗಳೂರಿನವರಿಗೆ ಐಎಂಎ ಹೂಡಿಕೆ ಹಗರಣ ಮರೆತಿರಲಾರದು, ಅಲ್ಲಿ ಕ್ರಿಪ್ಟೊ ಬದಲು ಚಿನ್ನದ ಹೆಸರಿತ್ತು.

ಈಗ ಮಾಡಬೇಕಾದ್ದು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಯುಪಿಐ ವ್ಯವಹಾರ ಸಂಖ್ಯೆಗಳನ್ನು ಓದಿ ಹೇಳಿ, ದೂರಿನ ನಂಬರು ಬರೆದುಕೊಳ್ಳಿ. ಆ ನಂಬರು ಹಿಡಿದು ನಿಮ್ಮ ಜಿಲ್ಲೆಯ ಸಿಇಎನ್ (ಸೈಬರ್ ಅಪರಾಧಗಳ) ಠಾಣೆಗೆ ಹೋಗಿ. ದುಡ್ಡು ಕಳಿಸಿದ ಬ್ಯಾಂಕಿಗೂ ಅದೇ ದಿನ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಆ್ಯಪನ್ನು ಮೊಬೈಲಿನಿಂದ ಅಳಿಸಬೇಡಿ, ಚಾಟ್ ಕೂಡ. ಕರ್ನಾಟಕದಲ್ಲಿ ಠೇವಣಿದಾರರ ಹಿತರಕ್ಷಣೆಗೆ 2004ರದ್ದೇ ಒಂದು ಕಾಯ್ದೆ ಇದೆ, ಅನಿಯಂತ್ರಿತ ಠೇವಣಿ ಯೋಜನೆಗಳ ವಿರುದ್ಧ ಕೇಂದ್ರದ 2019ರ ಕಾಯ್ದೆಯೂ ಇದೆ. ದೂರಿನಲ್ಲಿ ಎರಡನ್ನೂ ಸೇರಿಸಲು ಕೇಳಿ. ಪೂರ್ತಿ ಸಿಗುತ್ತದೆ ಅಂತ ಆಸೆ ಹುಟ್ಟಿಸಲಾರೆ. ಬೇಗ ಹೋದವರಿಗೆ ಒಂದಿಷ್ಟು ತಡೆಹಿಡಿದು ಸಿಕ್ಕಿದ್ದುಂಟು.

ಭಾವನವರ ವಿಷಯ. ಅವರು ನಿಮಗೆ ಮೋಸ ಮಾಡಿದರು ಅಂತ ನನಗನ್ನಿಸುವುದಿಲ್ಲ, ಅವರೂ ಗಂಟು ಹಾಕಿ ಕೂತಿರಬೇಕು, ನೀವು ಕಟ್ಟಿದರೆ ತಮ್ಮದೂ ಬಿಡುಗಡೆಯಾದೀತು ಅಂತ ಆಸೆ. ಆದರೆ ನಿಮ್ಮನ್ನು ಸೇರಿಸಿದ್ದಕ್ಕೆ ಅವರಿಗೆ ಕಮಿಷನ್ ಬಂದಿದ್ದರೆ ಪೊಲೀಸರು ಅವರನ್ನೂ ಕೇಳುತ್ತಾರೆ. ಇಬ್ಬರೂ ಒಟ್ಟಿಗೆ ಠಾಣೆಗೆ ಹೋಗುವುದು ಅವರಿಗೂ ಒಳ್ಳೆಯದು, ನಾಳೆ ಹಬ್ಬಕ್ಕೆ ಒಂದೇ ಪಂಕ್ತಿಯಲ್ಲಿ ಕೂರಬೇಕಾದವರು ನೀವು.

ಪ್ರಶ್ನೆ: ಹೋದ ವರ್ಷ ಬಿಟ್‌ಕಾಯಿನ್‌ನಲ್ಲಿ 40 ಸಾವಿರ ಲಾಭ, ಇನ್ನೊಂದು ಕಾಯಿನ್‌ನಲ್ಲಿ 60 ಸಾವಿರ ನಷ್ಟ. ಒಟ್ಟು ನಷ್ಟವೇ ತಾನೆ, ತೆರಿಗೆ ಇಲ್ಲ ಅಲ್ಲವಾ ಮೇಡಂ?
— ವಿದ್ಯಾರ್ಥಿ, ತುಮಕೂರು

ಉತ್ತರ: ಇದೆ. ಕ್ರಿಪ್ಟೊದಲ್ಲಿ ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಬರುವುದಿಲ್ಲ, ಮುಂದಿನ ವರ್ಷಕ್ಕೆ ಒಯ್ಯಲೂ ಬರುವುದಿಲ್ಲ. 40 ಸಾವಿರಕ್ಕೆ ಶೇ 30 ಅಂದರೆ 12,000, ಅದರ ಮೇಲೆ ಶೇ 4 ಸೆಸ್ 480, ಒಟ್ಟು 12,480. ಜೇಬಿನಿಂದ 20 ಸಾವಿರ ಹೋದ ಮೇಲೂ ಇಷ್ಟು ಕಟ್ಟಬೇಕು. ನಿಮ್ಮ ಬೇರೆ ಆದಾಯ ತೆರಿಗೆ ಮಿತಿಗಿಂತ ಕೆಳಗಿದ್ದರೂ ಇದಕ್ಕೆ ಆ ವಿನಾಯಿತಿ ಸಿಗುವುದಿಲ್ಲ. ಶೇರು ಮಾರುಕಟ್ಟೆಯವರಿಗಿರುವ ಅನುಕೂಲ ಇವರಿಗೆ ಯಾಕಿಲ್ಲ ಅಂತ ನೀವು ಕೇಳಿದರೆ, ಅನ್ಯಾಯ ಅಂತಲೇ ನನ್ನ ಉತ್ತರ. ಜೂಜಿನ ಗೆಲುವಿಗೂ ಇದೇ ಶೇ 30, ಸರ್ಕಾರ ಇದನ್ನು ಯಾವ ಸಾಲಿನಲ್ಲಿ ಕೂರಿಸಿದೆ ಅಂತ ಅದರಲ್ಲೇ ಗೊತ್ತಾಗುತ್ತದೆ.

ಒಂದು ಕಾಯಿನ್ ಕೊಟ್ಟು ಇನ್ನೊಂದು ತಗೊಂಡರೂ ಮಾರಾಟವೇ, ರೂಪಾಯಿ ಕೈಗೆ ಬರಬೇಕೆಂದಿಲ್ಲ. ಮಾರುವಾಗ ಎಕ್ಸ್‌ಚೇಂಜಿನವರು ಕಳೆದ ಶೇ 1 ಟಿಡಿಎಸ್ ನಿಮ್ಮ ತೆರಿಗೆ ಕಡಿತದ ಪಟ್ಟಿಯಲ್ಲಿ (26ಎಎಸ್) ಕಾಣುತ್ತದೆ, ಅದನ್ನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಿ. ಇಲಾಖೆಗೂ ಅದು ಕಾಣುತ್ತದೆ ಅನ್ನುವುದು ಮರೆಯಬೇಡಿ. ಐಟಿಆರ್-1ರಲ್ಲಿ ಇದನ್ನು ತೋರಿಸಲು ಜಾಗವಿಲ್ಲ, 2 ಅಥವಾ 3 ಬೇಕು, ಅದರಲ್ಲಿ ವಿಡಿಎ (ಕ್ರಿಪ್ಟೊದಂಥವಕ್ಕೆ ಇಲಾಖೆಯ ಹೆಸರು) ಅನ್ನುವ ಪಟ್ಟಿ ಇದೆ.

ಪ್ರಶ್ನೆ: ಎಕ್ಸ್‌ಚೇಂಜ್ ನಂಬುವಂತಿಲ್ಲ ಅಂದರೆ ಹಾರ್ಡ್‌ವೇರ್ ವಾಲೆಟ್ (ಕೀಲಿ ಇಟ್ಟುಕೊಳ್ಳುವ ಚಿಕ್ಕ ಯಂತ್ರ) ತಗೊಂಡು ನಾನೇ ಇಟ್ಟುಕೊಳ್ಳುತ್ತೇನೆ. ನನ್ನ ನಂತರ ಹೆಂಡತಿಗೆ ಹೇಗೆ ಸೇರುತ್ತದೆ?
— ಸಾಫ್ಟ್‌ವೇರ್ ಎಂಜಿನಿಯರ್, ವೈಟ್‌ಫೀಲ್ಡ್

ಉತ್ತರ: ಹೆಂಡತಿಯ ಬಗ್ಗೆ ಕೇಳಿದ್ದಕ್ಕೆ ಸಂತೋಷ. ಬಹಳ ಜನ ದರ ಕೇಳಿದರು, ಇದನ್ನು ಕೇಳಿದವರು ನೀವೊಬ್ಬರೇ.

ಎಕ್ಸ್‌ಚೇಂಜ್ ಬಗ್ಗೆ ನಿಮ್ಮ ಅನುಮಾನ ಸರಿ. 2014ರಲ್ಲಿ ಜಪಾನಿನ ಮೌಂಟ್ ಗಾಕ್ಸ್ ಸುಮಾರು ಎಂಟೂವರೆ ಲಕ್ಷ ಬಿಟ್‌ಕಾಯಿನ್ ಕಾಣೆಯಾಗಿದೆ ಅಂತ ಬಾಗಿಲು ಹಾಕಿತು. 2022ರಲ್ಲಿ ಎಫ್‌ಟಿಎಕ್ಸ್ ಮುಳುಗಿತು, ಗ್ರಾಹಕರ ದುಡ್ಡನ್ನು ತನ್ನ ಇನ್ನೊಂದು ಕಂಪನಿಗೆ ಬಳಸಿದ ಅದರ ಯಜಮಾನನಿಗೆ 25 ವರ್ಷ ಜೈಲಾಯಿತು. ನಮ್ಮಲ್ಲಿ 2024ರ ಜುಲೈ 18ರಂದು ವಜೀರ್‌ಎಕ್ಸ್‌ನಿಂದ ಸುಮಾರು 2,000 ಕೋಟಿ ರೂಪಾಯಿಯ ಕ್ರಿಪ್ಟೊ ಕಳುವಾಯಿತು. ಒಬ್ಬರ ಸಹಿ ಸಾಲದು, ಹಲವರು ಒಪ್ಪಿದರೆ ಮಾತ್ರ ತೆರೆಯುವಂಥ ವ್ಯವಸ್ಥೆ ಅಲ್ಲಿತ್ತು. ಸಹಿ ಮಾಡಿದವರಿಗೆ ಪರದೆಯ ಮೇಲೆ ಕಂಡದ್ದೊಂದು, ನಿಜವಾಗಿ ಸಹಿಯಾದದ್ದು ಇನ್ನೊಂದು. ಮಾತೃಸಂಸ್ಥೆ ಸಿಂಗಪುರದಲ್ಲಿ, ಹಾಗಾಗಿ ಪುನರ್‌ವ್ಯವಸ್ಥೆಯ ಅರ್ಜಿ ಅಲ್ಲಿನ ಕೋರ್ಟಿಗೆ ಹೋಯಿತು. ವ್ಯವಹಾರ ಮತ್ತೆ ಶುರುವಾದದ್ದು 2025ರ ಅಕ್ಟೋಬರ್‌ನಲ್ಲಿ. ಮಗಳ ಮದುವೆಗೆ ಇಟ್ಟವರು ಮದುವೆ ಮುಂದೆ ಹಾಕಬೇಕಾದಷ್ಟು ಕಾಲ. ಅದೇ ವರ್ಷ ಜುಲೈಯಲ್ಲಿ ಕಾಯಿನ್‌ಡಿಸಿಎಕ್ಸ್‌ನಿಂದ ಸುಮಾರು 378 ಕೋಟಿ ಹೋಯಿತು, ಬೆಂಗಳೂರು ಪೊಲೀಸರು ನೌಕರನೊಬ್ಬನನ್ನು ಬಂಧಿಸಿದರು. ಅದು ಕಂಪನಿಯ ಸ್ವಂತ ದುಡ್ಡು, ಗ್ರಾಹಕರದ್ದು ಮುಟ್ಟಿಲ್ಲ ಅಂತ ಕಂಪನಿ ಹೇಳಿ ನಷ್ಟ ಹೊತ್ತುಕೊಂಡಿತು.

ಆದರೆ ಕೀಲಿ ನಿಮ್ಮ ಕೈಗೆ ಬಂದ ಮೇಲೆ ಕಳ್ಳನೂ ನಿಮ್ಮವನೇ, ಮರೆವೂ ನಿಮ್ಮದೇ. ಬ್ರಿಟನ್ನಿನ ವೇಲ್ಸ್‌ನಲ್ಲಿ, ನ್ಯೂಪೋರ್ಟ್ ಅನ್ನುವ ಊರಿನಲ್ಲಿ ಒಬ್ಬರ ಹಾರ್ಡ್ ಡಿಸ್ಕು 2013ರಲ್ಲಿ ಕಸಕ್ಕೆ ಹೋಯಿತು, ಅದರಲ್ಲಿ ಸುಮಾರು 8,000 ಬಿಟ್‌ಕಾಯಿನ್ನಿನ ಕೀಲಿ. ಕಸದ ಗುಡ್ಡ ಅಗೆಯಲು ನಗರಾಡಳಿತ ಬಿಡಲಿಲ್ಲ, 2025ರ ಜನವರಿಯಲ್ಲಿ ಕೋರ್ಟೂ ಅವರ ದಾವೆಯನ್ನು ವಜಾ ಮಾಡಿತು. ಸಹಾಯವಾಣಿ ಇಲ್ಲ, ಮ್ಯಾನೇಜರಿಲ್ಲ, "ಪಾಸ್‌ವರ್ಡ್ ಮರೆತಿರಾ?" ಅನ್ನುವ ಗುಂಡಿಯಿಲ್ಲ.

ವಾಲೆಟ್ ಮೊದಲ ಸಲ ಶುರು ಮಾಡಿದಾಗ 12 ಅಥವಾ 24 ಇಂಗ್ಲಿಷ್ ಪದಗಳ ಸಾಲು ಬರುತ್ತದೆ. ಯಂತ್ರ ಕೆಟ್ಟರೂ ಆ ಪದಗಳಿದ್ದರೆ ದುಡ್ಡು ಸಿಗುತ್ತದೆ, ಯಂತ್ರವಿದ್ದು ಪಿನ್ ಮರೆತು ಪದಗಳೂ ಇಲ್ಲದಿದ್ದರೆ ಸಿಗುವುದಿಲ್ಲ. ಅದನ್ನು ಫೋಟೊ ತೆಗೆಯಬೇಡಿ, ಮೇಲ್ ಮಾಡಿಕೊಳ್ಳಬೇಡಿ. ಕಾಗದದಲ್ಲಿ ಪೆನ್ನಿನಿಂದ, ಕ್ರಮ ತಪ್ಪದೆ, ಎರಡು ಪ್ರತಿ ಬರೆದು ಬೇರೆ ಬೇರೆ ಕಡೆ ಇಡಿ. ಬ್ಯಾಂಕ್ ಲಾಕರ್ ಒಂದು ಕಡೆ ಆದೀತು. ಲಾಕರಿಗೆ ಹೆಂಡತಿಯನ್ನು ಜಂಟಿ ಮಾಡಿ. ಉಯಿಲಿನಲ್ಲಿ ಕ್ರಿಪ್ಟೊ ಇದೆ, ಇಂಥ ವಾಲೆಟ್ಟಿನಲ್ಲಿದೆ ಅಂತಷ್ಟೇ ಬರೆಯಿರಿ, ಪದಗಳನ್ನಲ್ಲ. ಉಯಿಲನ್ನು ಓದುವವರು ಹಲವರು. ಇಷ್ಟೆಲ್ಲ ಆದ ಮೇಲೆ ಒಂದು ಭಾನುವಾರ ಕೂತು ಅವರ ಕೈಯಲ್ಲೇ ನೂರು ರೂಪಾಯಿಯಷ್ಟು ಕ್ರಿಪ್ಟೊವನ್ನು ಒಂದು ವಾಲೆಟ್ಟಿನಿಂದ ಇನ್ನೊಂದಕ್ಕೆ ಕಳಿಸಿ ನೋಡಿಸಿ. ನೀವಿಲ್ಲದಾಗ ಅವರು ಯೂಟ್ಯೂಬ್ ನೋಡಿ ಕಲಿಯುವಂತಾಗಬಾರದು, ಅಲ್ಲೇ ಮೋಸಗಾರರು ಕೂತಿರುತ್ತಾರೆ.

ಪ್ರಶ್ನೆ: ಮಗ ದುಬೈಯಲ್ಲಿದ್ದಾನೆ. ಮೊದಲೆಲ್ಲ ಬ್ಯಾಂಕಿನಲ್ಲಿ ಕಳಿಸುತ್ತಿದ್ದ. ಈಗ ಗೆಳೆಯರು ಹೇಳಿದರು ಅಂತ ಯುಎಸ್‌ಡಿಟಿ ಕೊಂಡು, ಇಲ್ಲಿ ಯಾರಿಗೋ ಮಾರಿ, ಅವರು ನನ್ನ ಖಾತೆಗೆ ರೂಪಾಯಿ ಹಾಕುತ್ತಾರೆ. ಡಾಲರಿಗೆ ಎರಡು ಮೂರು ರೂಪಾಯಿ ಹೆಚ್ಚು ಸಿಗುತ್ತದಂತೆ. ಈಗ ನನ್ನ ಖಾತೆಯೇ ಬಂದ್ ಆಗಿದೆ. ಬೇರೆ ರಾಜ್ಯದ ಪೊಲೀಸರು ಹೇಳಿದ್ದಾರೆ ಅನ್ನುತ್ತಾರೆ ಬ್ಯಾಂಕಿನವರು. ಪಿಂಚಣಿಯೂ ಅದರಲ್ಲೇ ಬರುವುದು.
— ಓದುಗರು, ಕುಂದಾಪುರ

ಉತ್ತರ: ಅಮ್ಮಾ, ನಿಮ್ಮಲ್ಲಿ ತಪ್ಪಿಲ್ಲ, ಆದರೆ ನಿಮ್ಮ ಖಾತೆಗೆ ಬಂದ ದುಡ್ಡಿನಲ್ಲಿ ಇದ್ದೀತು.

ಯುಎಸ್‌ಡಿಟಿ ಅನ್ನುವುದು ಒಂದು ಡಾಲರಿಗೆ ಸಮನಾಗಿ ಇರುವಂತೆ ಮಾಡಿದ ಕ್ರಿಪ್ಟೊ. ಬಿಟ್‌ಕಾಯಿನ್ ಥರ ಕುಣಿಯುವುದಿಲ್ಲ, ನಿಮಿಷಗಳಲ್ಲಿ ದೇಶ ದಾಟುತ್ತದೆ. ಕ್ರಿಪ್ಟೊದಲ್ಲಿ ನಿಜವಾಗಿ ಉಪಯೋಗಕ್ಕೆ ಬಂದ ಭಾಗ ಯಾವುದು ಅಂತ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. (ಡಾಲರಿಗೆ ಕಟ್ಟಿದ ಎಲ್ಲ ನಾಣ್ಯವೂ ಗಟ್ಟಿಯಲ್ಲ. ಟೆರ್ರಾಯುಎಸ್‌ಡಿ ಅನ್ನುವುದು 2022ರ ಮೇ ತಿಂಗಳಲ್ಲಿ ಕೆಲವೇ ದಿನಗಳಲ್ಲಿ ಪೈಸೆಗಿಳಿಯಿತು, ಅದರ ಬೆನ್ನಿಗೆ ಡಾಲರೇ ಇರಲಿಲ್ಲ.) ತೊಂದರೆ ಇರುವುದು ಅದನ್ನು ರೂಪಾಯಿ ಮಾಡುವ ಜಾಗದಲ್ಲಿ. ಎರಡು ಮೂರು ರೂಪಾಯಿ ಹೆಚ್ಚು ಕೊಟ್ಟು ಯುಎಸ್‌ಡಿಟಿ ಕೊಳ್ಳುವವರು ಯಾಕೆ ಕೊಡುತ್ತಾರೆ? ಅವರಲ್ಲಿ ಕೆಲವರ ಕೈಯಲ್ಲಿರುವುದು ದಾವಣಗೆರೆಯ ಆ ತಾಯಿಯ ಗ್ರಾಚ್ಯುಟಿಯಂಥ ದುಡ್ಡು. ಅದನ್ನು ಬೇಗ ಡಾಲರು ಮಾಡಿ ದೇಶ ದಾಟಿಸಬೇಕು. ಅವರು ಆ ರೂಪಾಯಿಯನ್ನು ನಿಮ್ಮ ಖಾತೆಗೆ ಹಾಕಿ ಮಗನ ಯುಎಸ್‌ಡಿಟಿ ತಗೊಂಡು ಹೋಗುತ್ತಾರೆ. ಕಳೆದುಕೊಂಡವರು ದೂರು ಕೊಡುತ್ತಾರೆ, ಪೊಲೀಸರು ದುಡ್ಡು ಹೋದ ದಾರಿ ಹಿಡಿದು ಬರುತ್ತಾರೆ, ದಾರಿ ಕುಂದಾಪುರದಲ್ಲಿ ನಿಲ್ಲುತ್ತದೆ.

ಬ್ಯಾಂಕಿಗೆ ಬರವಣಿಗೆಯಲ್ಲಿ ಮೂರು ವಿವರ ಕೇಳಿ: ಸೈಬರ್ ದೂರಿನ ನಂಬರು, ಯಾವ ಠಾಣೆ, ಎಷ್ಟು ಮೊತ್ತದ ಬಗ್ಗೆ ತಕರಾರು. ಬಾಯಲ್ಲಿ ಹೇಳಿದರೆ ಒಪ್ಪಬೇಡಿ. ತಕರಾರಿನ ಮೊತ್ತಕ್ಕೆ ಮಾತ್ರ ತಡೆ ಇಟ್ಟು ಉಳಿದದ್ದನ್ನು ಬಿಡಿ ಅಂತ ಬ್ಯಾಂಕಿಗೂ ಠಾಣೆಗೂ ಅರ್ಜಿ ಕೊಡಿ, ಪಿಂಚಣಿ ಖಾತೆ ಅನ್ನುವುದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಕೇರಳ ಹೈಕೋರ್ಟು 2023ರಲ್ಲಿ ಇಂಥದೇ ಪ್ರಕರಣಗಳಲ್ಲಿ ತಡೆ ಆ ಮೊತ್ತಕ್ಕಷ್ಟೇ ಇರಲಿ ಅಂದಿದೆ, ನಿಮ್ಮ ವಕೀಲರಿಗೆ ಹೇಳಿ. ಮಗನ ಕಡೆಯಿಂದ ಮಾರಾಟದ ದಾಖಲೆ, ಚಾಟ್, ಅವನ ಸಂಬಳದ ಚೀಟಿ ತರಿಸಿ. "ಕೇಸು ಮುಗಿಸಿಕೊಡುತ್ತೇನೆ, ಇಷ್ಟು ಕೊಡಿ" ಅಂತ ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ.

ಮಗನಿಗೂ ಹೇಳಿ. ಪರದೇಶದ ದುಡಿಮೆ ಬ್ಯಾಂಕಿನ ದಾರಿಯಲ್ಲಿ ಬಂದರೆ ಅದು ಅವನ ದುಡ್ಡು ಅನ್ನುವುದಕ್ಕೆ ಕಾಗದ ಇರುತ್ತದೆ. ಹೀಗೆ ಬಂದರೆ ಗುರುತಿಲ್ಲದವರು ನಿಮಗೆ ದುಡ್ಡು ಕೊಟ್ಟಂತೆ ಕಾಣುತ್ತದೆ, ತೆರಿಗೆಯವರೂ ಕೇಳುತ್ತಾರೆ, ವಿದೇಶಿ ವಿನಿಮಯದ ಫೆಮಾ ಕಾಯ್ದೆಯ ತಲೆನೋವು ಬೇರೆ. ಅವನ ಹೆಸರಿನಲ್ಲಿ ಎನ್‌ಆರ್‌ಇ (ಅನಿವಾಸಿ ಭಾರತೀಯರ) ಖಾತೆ ಮಾಡಿಸಿದರೆ ಅದರ ಬಡ್ಡಿಗೆ ಇಲ್ಲಿ ತೆರಿಗೆಯೇ ಇಲ್ಲ. ಎರಡು ರೂಪಾಯಿ ಆಸೆಗಿಂತ ಅದು ಎಷ್ಟೋ ವಾಸಿ.

ಪ್ರಶ್ನೆ: ಮುಂದೊಂದು ದಿನ ರೂಪಾಯಿ ಹೋಗಿ ಬಿಟ್‌ಕಾಯಿನ್ನೇ ಹಣವಾಗುತ್ತದೆಯೇ?
— ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ಸಾರ್, ಒಂದು ದೇಶ ಪ್ರಯತ್ನ ಮಾಡಿ ನೋಡಿದೆ. ಮಧ್ಯ ಅಮೆರಿಕದ ಎಲ್ ಸಾಲ್ವಡೋರ್ 2021ರ ಸೆಪ್ಟೆಂಬರ್ 7ರಿಂದ ಬಿಟ್‌ಕಾಯಿನ್ನನ್ನು ಅಧಿಕೃತ ಹಣ ಮಾಡಿತು. ಚೀವೊ ಅನ್ನುವ ಸರ್ಕಾರಿ ಆ್ಯಪ್ ಹಾಕಿಕೊಂಡವರಿಗೆಲ್ಲ 30 ಡಾಲರ್ ಉಚಿತ. ಬಹಳ ಜನ ಆ 30 ಡಾಲರ್ ಖರ್ಚು ಮಾಡಿ ಆ್ಯಪ್ ಮುಚ್ಚಿಟ್ಟರು. ಐಎಂಎಫ್‌ನಿಂದ 140 ಕೋಟಿ ಡಾಲರ್ ಸಾಲ ಬೇಕಾದಾಗ, 2025ರ ಜನವರಿಯಲ್ಲಿ, ಅಂಗಡಿಯವರು ಬಿಟ್‌ಕಾಯಿನ್ ತಗೊಳ್ಳಲೇಬೇಕು ಅನ್ನುವ ಕಡ್ಡಾಯವನ್ನು ತೆಗೆದುಹಾಕಿದರು.

ಬಿಟ್‌ಕಾಯಿನ್ ಲೆಡ್ಜರು ಸೆಕೆಂಡಿಗೆ ಏಳರಷ್ಟು ವ್ಯವಹಾರ ಬರೆದುಕೊಳ್ಳಬಲ್ಲದು. ದೇವರಾಜ ಮಾರುಕಟ್ಟೆಯಲ್ಲಿ ಹಬ್ಬದ ಹಿಂದಿನ ಸಂಜೆ ಹೂವಿನವರ ಯುಪಿಐ ಡಬ್ಬಿಗಳಷ್ಟೇ ಅದನ್ನು ಸುಸ್ತು ಮಾಡಿಯಾವು. ಇನ್ನೊಂದು ಕಾರಣ ಮನುಷ್ಯರ ಕಡೆಯದು. 2010ರ ಮೇ 22ರಂದು ಅಮೆರಿಕದ ಫ್ಲಾರಿಡಾದಲ್ಲಿ ಒಬ್ಬರು ಎರಡು ಪಿಜ್ಜಾಕ್ಕೆ 10,000 ಬಿಟ್‌ಕಾಯಿನ್ ಕೊಟ್ಟರು. ಆ ಕಥೆ ಕೇಳಿದ ಮೇಲೆ ಬಿಟ್‌ಕಾಯಿನ್ ಕೊಟ್ಟು ತಿಂಡಿ ತಿನ್ನುವ ಮನಸ್ಸು ಯಾರಿಗೆ ಬಂದೀತು? ನಾಳೆ ಏರುತ್ತದೆ ಅಂತ ನಂಬಿದವರು ಇವತ್ತು ಖರ್ಚು ಮಾಡುವುದಿಲ್ಲ, ಖರ್ಚಾಗದ್ದು ಹಣವಾಗುವುದಿಲ್ಲ. ರಿಸರ್ವ್ ಬ್ಯಾಂಕಿನ ಇ-ರೂಪಾಯಿ ಇದೆಯಲ್ಲ, 2022ರ ಡಿಸೆಂಬರ್ 1ರಂದು ಬೆಂಗಳೂರೂ ಸೇರಿ ನಾಲ್ಕು ನಗರಗಳಲ್ಲಿ ಬಂದದ್ದು, ಅದು ಕ್ರಿಪ್ಟೊ ಅಲ್ಲ, ನಿಮ್ಮ ಜೇಬಿನ ನೋಟೇ ಮೊಬೈಲಿಗೆ ಬಂದಿರುವುದು.

ಆದರೆ ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಅರ್ಜೆಂಟೀನಾ, ನೈಜೀರಿಯಾದಂಥ ಕಡೆ, ಇವತ್ತಿನ ಸಂಬಳ ತಿಂಗಳ ಕೊನೆಗೆ ಅರ್ಧ ಬೆಲೆಗಿಳಿಯುವ ಹೆದರಿಕೆಯಲ್ಲಿ ಬದುಕಿದವರಿಗೆ ಕ್ರಿಪ್ಟೊ ಆಸರೆಯಾಗಿದೆ. ನಮಗೆ ಆ ಗತಿ ಬಂದಿಲ್ಲ.

ಪ್ರಶ್ನೆ: ಮನೆಯಲ್ಲೇ ಬಿಟ್‌ಕಾಯಿನ್ ಮೈನಿಂಗ್ ಮಾಡಲು ಮಗ ಒಂದೂವರೆ ಲಕ್ಷದ ಗ್ರಾಫಿಕ್ಸ್ ಕಾರ್ಡ್ ಕೇಳುತ್ತಿದ್ದಾನೆ. ಕೊಡಿಸಲಾ?
— ಓದುಗರು, ಬಳ್ಳಾರಿ

ಉತ್ತರ: ಮೈನಿಂಗ್ ಅಂದರೆ ಮೊದಲು ಹೇಳಿದೆನಲ್ಲ, ಲೆಡ್ಜರಿಗೆ ಪುಟ ಸೇರಿಸಿ ಸಂಬಳ ಪಡೆಯುವ ಕೆಲಸ. ಬಿಟ್‌ಕಾಯಿನ್ನಿಗೆ ಈಗ ಅದಕ್ಕೆಂದೇ ಮಾಡಿದ ಯಂತ್ರಗಳು, ಗೋದಾಮುಗಟ್ಟಲೆ ಬೇಕು. ಗ್ರಾಫಿಕ್ಸ್ ಕಾರ್ಡಿನಿಂದ ಆಗುತ್ತಿದ್ದದ್ದು ಎಥೀರಿಯಂ ಅನ್ನುವ ಇನ್ನೊಂದು ಕ್ರಿಪ್ಟೊ, ಅದೂ 2022ರ ಸೆಪ್ಟೆಂಬರ್‌ನಲ್ಲಿ ಮೈನಿಂಗ್ ಪದ್ಧತಿಯನ್ನೇ ಬಿಟ್ಟಿತು. ಜೊತೆಗೆ ಯಂತ್ರಕ್ಕೂ ಕರೆಂಟಿಗೂ ಹಾಕಿದ ಖರ್ಚನ್ನು ಲಾಭದಲ್ಲಿ ಕಳೆಯಲು ತೆರಿಗೆ ಇಲಾಖೆ ಬಿಡುವುದಿಲ್ಲ. ನನಗನಿಸುವುದು, ನಿಮ್ಮ ಹುಡುಗನಿಗೆ ಕಾರ್ಡ್ ಬೇಕಾಗಿರುವುದು ಗೇಮ್ ಆಡಲು. ಬಳ್ಳಾರಿಯ ಬಿಸಿಲಿಗೆ ಆ ದುಡ್ಡಿನಲ್ಲಿ ಮಾಳಿಗೆಯ ಮೇಲೆ ಸೋಲಾರ್ ಹಾಕಿಸಿ, ಮೂರು ಕಿಲೋವ್ಯಾಟಿಗೆ ಪಿಎಂ ಸೂರ್ಯಘರ್ ಯೋಜನೆಯಲ್ಲಿ 78 ಸಾವಿರ ಸಬ್ಸಿಡಿ ಇದೆ. ಅರ್ಜಿಯನ್ನು ಹುಡುಗನ ಕೈಯಲ್ಲೇ ತುಂಬಿಸಿ.